ಎರಡನೆಯ ಗುರುತು

ಅವರ ಬಲಗೈ ತೋರುಬೆರಳು ಯಾವಾಗಲೂ ಕಪ್ಪಗಿರುತ್ತಿತ್ತು. ಜನರ ಹೆಬ್ಬೆಟ್ಟು ಒತ್ತಿಸಿ ಒತ್ತಿಸಿ ಹತ್ತಿದ ಮಸಿ, ಸೀಗೆಪುಡಿಗೂ ಬಗ್ಗಿರಲಿಲ್ಲ. ನಿಜಾಮರ ಕಾಲದ ಕುಷ್ಟಗಿ ಕಚೇರಿಯಲ್ಲಿ ಅವರು ಕಾಗದಪತ್ರ ನೋಡಿಕೊಳ್ಳುವ ಪೇಶಕಾರರು, ನಾನು ಪಕ್ಕದ ಮೇಜಿನ ನಕಲು ಗುಮಾಸ್ತ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದವನು ಅವನೇ ಹೌದೋ ಅಲ್ಲವೋ ನೋಡಿ ಬರೆಯುವುದು ಅವರ ಕೆಲಸ.

“ಹೆಸರು ಯಾರ್ದು ಬೇಕಾದ್ರೂ ಹೇಳ್ತಾರ ತಮ್ಮಾ, ಗಾಯ ಸುಳ್ಳು ಹೇಳಂಗಿಲ್ಲ” ಎನ್ನುವರು. ಮೈಮೇಲೆ ಎರಡು ಗುರುತು ಸಿಗುವತನಕ ಯಾರನ್ನೂ ಬಿಟ್ಟವರಲ್ಲ. ಒಮ್ಮೆ ಗಂಗಾವತಿ ಕಡೆಯಿಂದ ಬಂದು ನಮ್ಮಲ್ಲಿ ಅಂಗಡಿ ಇಟ್ಟಿದ್ದ ದೊಡ್ಡ ವ್ಯಾಪಾರಿಗೆ ತೊಡೆಯ ಕಲೆ ತೋರಿಸಲು ಧೋತರ ಎತ್ತಿಸಿದ್ದರು. ಆತ ಕೆಂಪಗಾದರೆ, “ನಾಚಿಕಿ ಇಲ್ಲೇ ಇಟ್ಟು ಹೋಗ್ರಿ, ಬಂದ್ಮ್ಯಾಲ ಕೊಡ್ತೀನಿ” ಎಂದಿದ್ದರು.

ಯುದ್ಧದ ದಿನಗಳಲ್ಲಿ ಹನುಮಸಾಗರದಿಂದ ಇಬ್ಬರು ಹುಡುಗರು ಬಂದರು. ಇರಾಕಿನ ಬಸ್ರಾ ಬಂದರಿನಲ್ಲಿ ಕೂಲಿಗೆ ಹೊರಟವರು. ಇಬ್ಬರ ಹೆಸರೂ ತಿಪ್ಪಣ್ಣ, ಇಬ್ಬರ ಅಪ್ಪನ ಹೆಸರೂ ಬಸಪ್ಪ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಮೂಗು ಚುಚ್ಚಿ, ತಿಪ್ಪಣ್ಣ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಇಬ್ಬರ ಮೂಗಿನಲ್ಲೂ ತೂತು. ಪೇಶಕಾರರು ಅದನ್ನು ಬರೆದುಕೊಂಡು, ಎರಡನೆಯ ಗುರುತಿಗೆ ಅಂಗಿ ಬಿಚ್ಚಿಸಿದರು. ನನಗೋ ಊರಿಗೆ ಹೋಗುವ ಸಂಜೆಯ ಮೋಟಾರಿನ ಚಿಂತೆ.

“ಮೂಗಿಂದು ಸಾಕಲ್ರಿ ಸಾಹೇಬ್ರ, ಹೊತ್ತಾತು” ಎಂದೆ.

ಅವರು ನನ್ನ ಮುಖ ನೋಡಿ, ಎರಡನೆಯ ಗುರುತು ಬರೆಯದೆಯೇ ಲೇಖನಿ ಕೆಳಗಿಟ್ಟರು.

ವರ್ಷ ಕಳೆದ ಮೇಲೆ ಬಸ್ರಾದಿಂದ ಕಾಗದ ಬಂತು. ಹನುಮಸಾಗರದ ತಿಪ್ಪಣ್ಣ, ತಂದೆ ಬಸಪ್ಪ, ಮೂಗಿನಲ್ಲಿ ತೂತು, ಜ್ವರದಿಂದ ತೀರಿಕೊಂಡ. ನಾವೇ ಬರೆದ ಗುರುತು ನಮಗೇ ಮರಳಿತ್ತು. ಯಾವ ತಿಪ್ಪಣ್ಣ ಎಂದು ಕೇಳಿ ಬರೆದೆವು, ಉತ್ತರ ಬರಲಿಲ್ಲ.

ಸುದ್ದಿ ತಿಳಿದು ಇಬ್ಬರು ತಾಯಂದಿರೂ ಕೂಡಿಯೇ ಬಂದರು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು.

“ಯಪ್ಪಾ, ಯಾರ ಮಗ ಹೋಗ್ಯಾನ ಹೇಳ್ರಿ. ನನ್ನ ಮಗನ ಬೆನ್ನಾಗ ಸುಟ್ಟ ಕಲಿ ಐತಿ, ನೋಡೀರಿಲ್ಲ?” ಎಂದಳು ಒಬ್ಬಳು. ಇನ್ನೊಬ್ಬಳು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ನೋಡಿದ್ದೆ ಯವ್ವಾ, ಬರೀಲಿಲ್ಲ. ಯಾರ ಬೆನ್ನಂತ ಈಗ ನೆನಪಿಲ್ಲ. ತಪ್ಪು ನಂದು” ಎಂದರು ಪೇಶಕಾರರು. ನನ್ನ ಹೆಸರು ಎತ್ತಲಿಲ್ಲ. ನಾನು ತಲೆ ತಗ್ಗಿಸಿ ನಕಲು ಮಾಡುತ್ತಲೇ ಇದ್ದೆ, ಹೇಡಿ.

ಉಳಿದವನೂ ಮರಳಿ ಬರಲಿಲ್ಲ. ಎರಡೂ ಮನೆಯವರು ತಿಥಿ ಮಾಡಲಿಲ್ಲ. ಪೇಶಕಾರರಿಗೆ ದಾರಿಯಲ್ಲಿ ಎದುರಾದವರ ಮೂಗನ್ನು ದಿಟ್ಟಿಸುವುದು ರೂಢಿಯಾಯಿತು. ಜನ ಅರಳುಮರಳು ಎಂದು ನಕ್ಕರು.

ಅವರು ಸಾಯುವ ಹಿಂದಿನ ದಿನ ನೋಡಲು ಹೋದೆ. ಕಪ್ಪು ಬೆರಳಿನ ಕೈಯಿಂದ ನನ್ನ ಮಣಿಕಟ್ಟು ಹಿಡಿದು, “ನೀನರ ನೋಡಿದ್ದೇನು ತಮ್ಮಾ, ಆ ಕಲಿ ಯಾರ ಬೆನ್ನಾಗ ಇತ್ತು?” ಎಂದರು.

ನಾನು ನೋಡಿರಲಿಲ್ಲ. ಆಗ ಬಾಗಿಲಾಚೆ ಮೋಟಾರು ಬರುವ ದಾರಿ ನೋಡುತ್ತಿದ್ದೆ.