ಕಟ್ಟು ಹಾಕಿಕೊಟ್ಟ ಚಾಚಾ

ಹೋದ ವಾರ ದೇವದುರ್ಗದ ನಮ್ಮ ಶಾಲೆಗೆ ಕಿಟಕಿ ರಿಪೇರಿಗೆಂದು ಬಡಗಿಗಳು ಬಂದಿದ್ದರು. ನಾನು ಏಳನೆಯ ತರಗತಿಗೆ ಚಿತ್ರ ಬರೆಸುತ್ತಿದ್ದೆ. ಹೊರಗಿನಿಂದ ಮರದ ಪುಡಿ, ವಾರ್ನಿಷು ಎರಡರ ವಾಸನೆಯೂ ಒಟ್ಟಿಗೇ ಒಳಗೆ ಬಂತು. ಸೀಮೆಸುಣ್ಣ ಹಿಡಿದ ಕೈ ಹಾಗೇ ನಿಂತುಬಿಟ್ಟಿತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಸಂದಿ, ಅಲ್ಲಿ ಮಂಚದಷ್ಟೇ ಅಗಲದ ಒಂದು ಅಂಗಡಿ, ಅದರೊಳಗೆ ಮಂಡಿ ಮಡಚಿ ಕೂತ ಚಾಚಾ...

ಫೋಟೋಗಳಿಗೆ ಕಟ್ಟು ಹಾಕುವುದು ಚಾಚಾ ಅವರ ಕಸುಬು. ದೇವರ ಫೋಟೋ, ಮದುವೆ ಫೋಟೋ, ತೀರಿಕೊಂಡವರ ಫೋಟೋ. ಯಾರಾದರೂ ತೀರಿಕೊಂಡವರದು ತಂದರೆ, "ನಗೂದೊಂದು ಇದ್ರ ತರ್ರಿ, ದಿನಾ ನೋಡವರು ನೀವ ಅದೀರಿ" ಎಂದು ಹೇಳಿ ಕಳಿಸುತ್ತಿದ್ದರು. ರಾಯಚೂರಿನಲ್ಲಿ ಚಿತ್ರಕಲೆ ಓದುವಾಗ ಕಾಲೇಜಿನ ಕೆಲಸಕ್ಕೆ ಕಟ್ಟು ಹಾಕಿಸಲು ಹೋಗಿ ಹೋಗಿ ನನಗೆ ಅವರ ಪರಿಚಯವಾಗಿತ್ತು. ನನ್ನನ್ನು ಬೇಟಿ ಎಂದೇ ಕರೆಯುತ್ತಿದ್ದರು.

ಓದು ಮುಗಿದ ವರ್ಷ ನನಗೆ ಒಂದು ಹಟ ಹತ್ತಿತ್ತು. ನನ್ನ ಚಿತ್ರಗಳು ಒಂದು ಗ್ಯಾಲರಿಯ ಗೋಡೆಯ ಮೇಲೆ ಇರಬೇಕು. ಹೇಗೆ ಕೇಳಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ನನ್ನವ್ವ ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಕಾಳು ಗುಡಿಸುವವಳು. ಅವಳಿಗೆ ಗ್ಯಾಲರಿ ಅಂದರೇನೆಂದೇ ಗೊತ್ತಿರಲಿಲ್ಲ. ಒಂದು ಮುಂಜಾನೆ ನಲವತ್ತು ಚಿತ್ರಗಳನ್ನು ಅವಳ ಹಳೇ ಸೀರೆಯಲ್ಲಿ ಸುತ್ತಿಕೊಂಡು ಹೈದರಾಬಾದಿನ ರೈಲು ಹತ್ತಿದೆ. ಅಲ್ಲಿನ ಒಂದು ಗ್ಯಾಲರಿಯ ವಿಳಾಸ ಮಾತ್ರ ಕೈಯಲ್ಲಿತ್ತು. ಮರುದಿನ ಅಲ್ಲಿ ಬೇರೆ ಯಾರದೋ ಪ್ರದರ್ಶನ ಶುರುವಾಗುವುದಿತ್ತು. ಏಣಿ ಹಾಕಿಕೊಂಡು ಚಿತ್ರ ತೂಗುಹಾಕುತ್ತಿದ್ದರು. ನೋಡಿಕೊಳ್ಳುವ ಹೆಂಗಸು ನನ್ನ ಗಂಟಿನ ಕಡೆ ನೋಡಿ, ಮೊದಲೇ ಕೇಳಿ ಬರಬೇಕಿತ್ತು ಎಂದಳು. ಒರಟಾಗಿ ಹೇಳಲಿಲ್ಲ. ಆದರೆ ಗಂಟು ಬಿಚ್ಚಲು ಹೇಳಲೂ ಇಲ್ಲ.

ರಾಯಚೂರಿಗೆ ಮರಳಿದವಳೇ ನೆಟ್ಟಗೆ ಚಾಚಾ ಅಂಗಡಿಗೆ ಹೋಗಿ ಗಂಟನ್ನು ಅವರ ಮುಂದೆ ಇಟ್ಟು, ನಡೆದದ್ದನ್ನೆಲ್ಲ ಹೇಳಿದೆ.

"ಇವನ್ನ ನೀವ ಇಟ್ಕೊಳ್ರಿ ಚಾಚಾ. ಫೋಟೋದ ಹಿಂದ ಹಾಕಾಕ ರಟ್ಟು ಬೇಕಲ್ಲ, ಅದಕ್ಕ ಉಪಯೋಗಕ್ಕ ಬರ್ತಾವ."

ಅವರು ಕೈ ತೊಳೆದು ಒರೆಸಿಕೊಂಡು ಬಂದು, ಒಂದೊಂದೇ ಬಿಚ್ಚಿ, ನಲವತ್ತನ್ನೂ ನೋಡಿದರು. ಆಮೇಲೆ ಕೇಳಿದರು. "ಆ ಗ್ವಾಡಿ ಮ್ಯಾಲೆ ಏನೇನು ತೂಗಹಾಕಿದ್ರು ಬೇಟಿ?"

ನೋಡಿಲ್ಲ ಎಂದೆ. ನಿಜವಾಗಿಯೂ ಒಂದನ್ನೂ ನೋಡಿರಲಿಲ್ಲ.

"ಅವರು ನಿನ್ನ ಚಿತ್ರ ನೋಡ್ಲಿಲ್ಲ ಅಂತ ಸಿಟ್ಟಿಗೆದ್ದಿ. ನೀನೂ ಅವರ ಗ್ವಾಡಿ ನೋಡಿಲ್ಲ. ಬರೋ ವಾರ ಹೋಗೂಣು. ಖಾಲಿ ಕೈಲೆ."

ಮುಂದಿನ ವಾರ ಅಂಗಡಿ ಮುಚ್ಚಿ ಅವರೇ ನನ್ನ ಜೊತೆ ಬಂದರು. ಗ್ಯಾಲರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ನಡೆದರು. ಬಿಡಬೇಕಿಲ್ಲ ಎಂದು ಪಿಸುಗುಟ್ಟಿದೆ. ಕೇಳಲಿಲ್ಲ. ಒಂದೊಂದು ಚಿತ್ರದ ಮುಂದೂ ಬಹಳ ಹೊತ್ತು ನಿಂತರು. ನಡುನಡುವೆ ಗೋಡೆಗೆ ಕೆನ್ನೆ ಹಚ್ಚಿ, ಕಟ್ಟಿನ ಹಿಂದೆ ಹೇಗೆ ಬಿಗಿದಿದ್ದಾರೆ ಎಂದು ಇಣುಕಿದರು. ಅಲ್ಲಿದ್ದವರು ತಿರುಗಿ ನೋಡತೊಡಗಿದರು. ಅದೇ ಹೆಂಗಸು ನನ್ನ ಹತ್ತಿರ ಬಂದು, ನಿಮ್ಮ ತಂದೆಯವರಾ ಎಂದು ಹಿಂದಿಯಲ್ಲಿ ಕೇಳಿದಳು.

"ಅಲ್ಲ, ಅವರು ನಮಗೇನೂ ಆಗಬೇಕಿಲ್ಲ" ಎಂದುಬಿಟ್ಟೆ. ನಾನೂ ಹಿಂದಿಯಲ್ಲೇ ಹೇಳಿದ್ದೆ, ಚಾಚಾ ಅವರಿಗೆ ಚೆನ್ನಾಗಿ ತಿಳಿಯುವ ಮಾತಿನಲ್ಲಿ. ಚಾಚಾ ಎರಡು ಹೆಜ್ಜೆ ದೂರದಲ್ಲಿದ್ದರು.

ಮರಳುವ ರೈಲಿನಲ್ಲಿ ಹುರಿಗಡಲೆಯ ಪೊಟ್ಟಣ ಬಿಚ್ಚಿ ನನ್ನ ಕೈಗೂ ಸುರಿದರು. ಆ ಮಾತು ಎತ್ತಲೇ ಇಲ್ಲ. ಕಿಟಕಿಯಾಚೆ ನೋಡುತ್ತ ಹೇಳಿದರು: "ಆ ಚಿತ್ರ ಬರದಾತ ಒಂದ ಮಾತು ಹನ್ನೆರಡು ಸಲ ಹೇಳ್ಯಾನ. ಅದಕ್ಕ ಕೇಳಿಸ್ತು. ನೀನು ನಲವತ್ತು ಮಾತು ಒಂದ ಉಸಿರಿನ್ಯಾಗ ಹೇಳಾಕ ಹೋಗಿದ್ದಿ."

ಮರುದಿನದಿಂದ ಅವರ ಅಂಗಡಿಯ ಹಲಗೆಯ ಮೇಲೆ ನನ್ನ ಚಿತ್ರಗಳನ್ನು ಆರಿಸತೊಡಗಿದೆವು. ರಾಯಚೂರಿನ ಕೋಟೆ, ಗಬ್ಬೂರಿನ ಗುಡಿ, ಕೃಷ್ಣೆಯ ಮೇಲಿನ ಸೂರ್ಯಾಸ್ತ ಎಲ್ಲವನ್ನೂ ಬದಿಗೆ ಸರಿಸಿದರು. ಕಡೆಗೆ ಉಳಿದದ್ದು ನಾಲ್ಕು. ಗಿರಣಿಯ ಅಂಗಳದಲ್ಲಿ ಭತ್ತ ಹರವುವ, ಗುಡಿಸುವ, ತೂರುವ ಹೆಂಗಸರು. "ಇವು ನಿನಗಷ್ಟ ಗೊತ್ತು. ಇನ್ನಷ್ಟು ಬರಿ" ಎಂದರು. ಆ ಬೇಸಿಗೆಯೆಲ್ಲ ಅವ್ವನ ಜೊತೆ ಗಿರಣಿಗೆ ಹೋಗಿ ಕೂತು ಬರೆದೆ.

ಹನ್ನೆರಡು ಚಿತ್ರಗಳಾದ ಮೇಲೆ ಚಾಚಾ ಅಂಗಡಿಯ ಮುಂದಿನ ನೆರಳಿನಲ್ಲಿ ಬಿಳಿ ಬಟ್ಟೆ ಕಟ್ಟಿ, ಗಾಜು ಹಾಕುವ ಮೊದಲೇ, ಒಂದೊಂದರ ಫೋಟೋ ತೆಗೆಸಿದರು. ಪ್ರತಿಯೊಂದರ ಹಿಂದೆ ಹೆಸರು, ಅಳತೆ, ಯಾವ ಬಣ್ಣ, ಯಾವ ವರ್ಷ ಎಂದು ಬರೆಸಿದರು. ಆಮೇಲೆ ಗ್ಯಾಲರಿಗೆ ಕಳಿಸುವ ಪತ್ರ. ನಾನು ಒಂದು ಪುಟ ಬರೆದು ಓದಿ ಹೇಳಿದೆ. ಕಲೆ, ಸಾಧನೆ, ವಿನಮ್ರ ಪ್ರಯತ್ನ ಎಲ್ಲ ಇತ್ತು.

"ಇದರಾಗ ನಿಮ್ಮವ್ವ ಎಲ್ಲಿ ಅದಾಳ?" ಎಂದರು.

ಅದನ್ನು ಹರಿದು ಮತ್ತೆ ಬರೆದೆ. ನನ್ನ ತಾಯಿ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾಳೆ, ಅವಳ ಜೊತೆಗಿನ ಹೆಂಗಸರ ಹನ್ನೆರಡು ಚಿತ್ರಗಳಿವೆ, ಎರಡು ಸಲ ನಿಮ್ಮ ಗ್ಯಾಲರಿಗೆ ಬಂದಿದ್ದೆ, ನಿಮಗೆ ಅನುಕೂಲವಾದ ದಿನ ತಂದು ತೋರಿಸಬಹುದೇ. ಅಷ್ಟೇ.

ತಿಂಗಳಾದರೂ ಉತ್ತರ ಬರಲಿಲ್ಲ. ದಿನಾ ಫೋನ್ ಮಾಡಬೇಕೆಂದು ಕೈ ತುರಿಸುತ್ತಿತ್ತು. ಚಾಚಾ ಬಿಡಲಿಲ್ಲ. "ಇನ್ನೊಂದು ಸಲ ಬರಿ, ಸಾಕು. ಬಾಗಲಾ ಎರಡು ಸಲ ಬಡೀಬೇಕು. ಮೂರನೇದ್ದಕ್ಕ ಬ್ಯಾರೆ ಮನಿ ಹುಡುಕಬೇಕು."

ಎರಡನೆಯ ಪತ್ರಕ್ಕೆ ಉತ್ತರ ಬಂತು. ಪ್ರತ್ಯೇಕ ಪ್ರದರ್ಶನ ಆಗುವುದಿಲ್ಲ, ಹೊಸಬರ ಚಿತ್ರಗಳ ಜೊತೆ ಆರನ್ನು ಇಡಬಹುದು, ಬಂದು ತೋರಿಸಿ ಎಂದಿತ್ತು. ಓದಿ ಹೇಳಿದಾಗ ಚಾಚಾ ಹಲಗೆಯ ಮೇಲಿನ ಮರದ ಪುಡಿಯನ್ನು ಸುಮ್ಮನೆ ಎರಡೆರಡು ಸಲ ಒರೆಸಿದರು.

ಆರಕ್ಕೂ ತೆಳುವಾದ, ಬಣ್ಣವಿಲ್ಲದ ಸಾಗವಾನಿ ಕಟ್ಟು ಹಾಕಿದರು. ಪ್ರದರ್ಶನದ ದಿನ ನೀವೂ ಬರಬೇಕು ಎಂದೆ. ಮೊಣಕಾಲು ನೋವು ಎಂದರು. ನನಗೆ ತಡೆಯಲಾಗಲಿಲ್ಲ.

"ಚಾಚಾ, ಅವತ್ತು ನಾನು ಹಾಂಗ ಅನಬಾರದಿತ್ತು..."

"ಯಾವತ್ತು?" ಎಂದರು. ಒಂದು ಕಟ್ಟಿನ ಮೂಲೆಯನ್ನು ಬೆರಳಿನಿಂದ ಸವರಿ, "ಚಿತ್ರ ನೋಡವರು ಕಟ್ಟು ನೋಡಬಾರದು ಬೇಟಿ. ಕಟ್ಟು ಕಣ್ಣಿಗೆ ಬಿತ್ತಂದ್ರ ನನ್ನ ಕೆಲಸ ಕೆಟ್ಟಂಗ" ಎಂದರು.

ಅವ್ವನನ್ನು ಕರೆದುಕೊಂಡು ಹೋದೆ. ಅವಳು ಚಿತ್ರಗಳ ಮುಂದೆ ನಿಂತು, "ಈಕಿ ಮಲ್ಲಮ್ಮ, ಈಕಿ ಹುಸೇನಮ್ಮ" ಎಂದು ಒಬ್ಬೊಬ್ಬರನ್ನೇ ಗುರುತಿಸಿದಳು. "ನಮ್ಮನ್ನ ಹಿಂಗ ನಿಂತು ನೋಡತಾರ ಅಂತ ಯಾರಿಗೆ ಗೊತ್ತಿತ್ತು" ಎಂದು ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಗ ಗ್ಯಾಲರಿಯ ಹೆಂಗಸು ಬಂದು, ಕಟ್ಟುಗಳು ಬಹಳ ಅಚ್ಚುಕಟ್ಟಾಗಿವೆ, ಯಾರು ಹಾಕಿದ್ದು ಎಂದು ಕೇಳಿದಳು.

"ನಮ್ಮ ಚಾಚಾ. ಅವತ್ತು ನನ್ನ ಜೊತೆ ಬಂದಿದ್ದರಲ್ಲ, ಅವರೇ. ಇವನ್ನೆಲ್ಲ ಆರಿಸಿದವರೂ ಅವರೇ" ಎಂದೆ.

ರಾಯಚೂರಿಗೆ ಬಂದು ಇದನ್ನು ಹೇಳಿದಾಗ ಚಾಚಾ ತಲೆ ಎತ್ತಲಿಲ್ಲ. "ಹಂಗಾದ್ರ ಕಟ್ಟು ಕಣ್ಣಿಗೆ ಬಿತ್ತಲ್ಲ" ಎಂದರು. ನಗುತ್ತಿದ್ದರು.

ಆಮೇಲೆ ನನಗೆ ದೇವದುರ್ಗದಲ್ಲಿ ನೌಕರಿಯಾಯಿತು. ರಾಯಚೂರಿಗೆ ಹೋಗುವುದು ಕಡಿಮೆಯಾಯಿತು. ಎರಡು ವರ್ಷದ ಹಿಂದೆ ಚಾಚಾ ತೀರಿಕೊಂಡರು. ಸುದ್ದಿ ನನಗೆ ಮುಟ್ಟುವಾಗ ನಾಲ್ಕು ದಿನವಾಗಿತ್ತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಮೊನ್ನೆ ಕಲಬುರಗಿಯ ಒಂದು ಪ್ರದರ್ಶನಕ್ಕೆ ಎರಡು ಚಿತ್ರ ಕಳಿಸಬೇಕಿತ್ತು. ರಾಯಚೂರಿನ ಸ್ಟೇಷನ್ ರಸ್ತೆಯ ಬೇರೊಂದು ಅಂಗಡಿಗೆ ಹೋದೆ. ಅಂಗಡಿಯವನು ಒಳ್ಳೆಯವನೇ. ಕಟ್ಟು ಹಾಕುವ ಹತ್ತು ಹದಿನೈದು ತರಹದ ಪಟ್ಟಿಗಳನ್ನು ಮುಂದೆ ಹರವಿ, "ಯಾವ ಕಟ್ಟು ಹಾಕಲ್ರಿ ಮೇಡಂ?" ಎಂದು ಕೇಳಿದ.

ಆ ಪ್ರಶ್ನೆಗೆ ನಾನು ಯಾವತ್ತೂ ಉತ್ತರ ಹೇಳಬೇಕಾಗಿ ಬಂದಿರಲಿಲ್ಲ. ಪಟ್ಟಿಗಳನ್ನು ಒಂದೊಂದಾಗಿ ಮುಟ್ಟುತ್ತ ಬಹಳ ಹೊತ್ತು ನಿಂತೇ ಇದ್ದೆ...