ಹಿತ್ತಲಲ್ಲಿ ಕೊಯ್ದ ಗುಂಡಿಗೆ

ಒಂಬತ್ತನೇ ತರಗತಿಯ ಕೊನೆಯ ದಿನಗಳಲ್ಲಿ ವಿಜ್ಞಾನದ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ, ಮುಂದೆ ಏನಾಗುತ್ತೀರಿ ಎಂದು ಕೇಳಿದರು. ಪೊಲೀಸು, ಟೀಚರು, ಬ್ಯಾಂಕು ಎಂದೆಲ್ಲ ಉತ್ತರ ಬಂತು. ನಾನು ಡಾಕ್ಟರು ಎಂದೆ. ಮೇಷ್ಟ್ರು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಕನಿಕರದಿಂದ ನೋಡಿದರು.

"ನಾವು ಕನ್ನಡ ಮೀಡಿಯಂ ಕಣಮ್ಮ. ಅಲ್ಲಿ ಪುಸ್ತಕ ಎಲ್ಲ ಇಂಗ್ಲಿಷು. ಒಂದು ಪುಟ ಓದೋಕೆ ಒಂದು ವಾರ ಬೇಕು ನಿಂಗೆ. ನರ್ಸಿಂಗ್ ಮಾಡು, ಅದಾಗತ್ತೆ."

ನರ್ಸಿಂಗ್ ಸಣ್ಣ ಕೆಲಸವೆಂದು ನನಗೆ ಆಗಲೂ ಅನ್ನಿಸಿರಲಿಲ್ಲ. ಆದರೆ ಮೇಷ್ಟ್ರು ಅದನ್ನು ಅಳುವ ಮಗುವಿನ ಕೈಗೆ ಮಿಠಾಯಿ ಇಟ್ಟ ಹಾಗೆ ಕೊಟ್ಟರು. ನಾನು ಕುಳಿತುಕೊಳ್ಳಲಿಲ್ಲ. ಅವರು ಮುಂದಿನವಳನ್ನು ಎಬ್ಬಿಸಿದ ಮೇಲೂ ನಿಂತೇ ಇದ್ದೆ. "ಕೂತ್ಕೊಳಮ್ಮ" ಎಂದು ಎರಡು ಸಲ ಹೇಳಿಸಿಕೊಂಡ ಮೇಲೆ ಕುಳಿತೆ.

ಡಾಕ್ಟರೇ ಯಾಕೆ ಎಂದರೆ ನನ್ನಲ್ಲಿ ದೊಡ್ಡ ಕಾರಣವೇನೂ ಇರಲಿಲ್ಲ. ಮನೆಯಲ್ಲಿ ಯಾರೂ ಚಿಕಿತ್ಸೆಯಿಲ್ಲದೆ ಸತ್ತಿರಲಿಲ್ಲ. ಚರ್ಮದ ಕೆಳಗೆ ಏನಿದೆಯೆಂದು ಕಣ್ಣಾರೆ ನೋಡಬೇಕು ಎನ್ನುವ ಆಸೆ ಮಾತ್ರ ಚಿಕ್ಕಂದಿನಿಂದ ಇತ್ತು. ಮೇಷ್ಟ್ರ ಮಾತು ಕೇಳಿದ ಮೇಲೆ ಆ ಆಸೆ ಹಟವಾಯಿತು.

ಆ ಬೇಸಿಗೆ ರಜೆಯಲ್ಲಿ ಪಕ್ಕದ ಮನೆಯ ಹುಡುಗಿಯ ಇಂಗ್ಲಿಷ್ ಮೀಡಿಯಂ ವಿಜ್ಞಾನ ಪುಸ್ತಕವನ್ನು ಕೇಳಿ ಪಡೆದು ಹಳೇಬೀಡಿಗೆ ಹೋದೆ. ದೇವಸ್ಥಾನದ ಎದುರಿನ ರಸ್ತೆಯಲ್ಲಿ ಚಿಕ್ಕಮ್ಮ ಎಳನೀರು ಮಾರುತ್ತಿದ್ದರು. ನನ್ನ ಕನ್ನಡ ಮೀಡಿಯಂ ಪುಸ್ತಕವನ್ನೂ ಈ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಅವರ ಗಾಡಿಯ ನೆರಳಲ್ಲಿ ಕುಳಿತು ಓದಿದೆ. ಅಂಗಾಂಶ ಅಂದರೆ ಟಿಶ್ಯೂ. ಅಲ್ಲಿಯವರೆಗೆ ಸರಿ. ಆಮೇಲಿನ ಪದಗಳನ್ನು ಹೇಗೆ ಉಚ್ಚರಿಸಬೇಕು ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ಹೇಳಿಕೊಡುವವರು ಯಾರೂ ಇಲ್ಲ. ಆದರೆ ಇಂಗ್ಲಿಷ್ ಬರುವವರು ದಿನವೂ ಬಸ್ಸು ಬಸ್ಸಾಗಿ ಬಂದು ಇಳಿಯುತ್ತಿದ್ದರು.

ಮೊದಲನೇ ದಿನ ನಾಲ್ಕೈದು ಜನರನ್ನು ಕೇಳಿದೆ. ಅವರು ನಾನು ಏನನ್ನೋ ಮಾರಲು ಬಂದಿದ್ದೇನೆಂದುಕೊಂಡು ಕೈಯಾಡಿಸಿ ಮುಂದೆ ಹೋದರು. ಗೈಡೊಬ್ಬರು ಗದರಿದರು.

"ಟೂರಿಸ್ಟ್‌ಗಳಿಗೆ ತೊಂದ್ರೆ ಕೊಡಬ್ಯಾಡ, ಆ ಕಡೆ ಹೋಗು."

"ನಾನು ದುಡ್ಡು ಕೇಳ್ತಿಲ್ಲ ಸಾರ್. ಒಂದು ಪದ ಕೇಳ್ತಿದೀನಿ" ಎಂದೆ. ಚಿಕ್ಕಮ್ಮ ಮಚ್ಚನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತು, "ಯಾಕ್ರೀ, ಓದೋ ಮಗಾನ ಬೈತೀರಾ?" ಎಂದರು. ಗೈಡು ಮತ್ತೆ ನಮ್ಮ ತಂಟೆಗೆ ಬರಲಿಲ್ಲ.

ಮೂರನೇ ದಿನ ಬಿಳಿಗೂದಲಿನ ವಿದೇಶಿ ಹೆಂಗಸೊಬ್ಬರು ಎಳನೀರು ಕುಡಿಯಲು ನಿಂತರು. ನಾನು ಪುಸ್ತಕ ಚಾಚಿ ಬೆರಳಿಟ್ಟು ತೋರಿಸಿದೆ. ಅವರು ಕಲ್ಲಿನ ಮೇಲೆ ಕುಳಿತು, ಕನ್ನಡಕ ಹಾಕಿಕೊಂಡು, ಒಂದು ಪುಟ ಪೂರ್ತಿ ನಿಧಾನವಾಗಿ ಓದಿದರು. ನಾನು ಪ್ರತಿ ಪದದ ಮೇಲೂ ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೊಂಡೆ. ಟೆಂಡನ್, ಲಿಗಮೆಂಟ್ ಎನ್ನುವ ಎರಡು ಪದಗಳ ಹತ್ತಿರ ಅವರು ತಡೆದರು. ಎರಡಕ್ಕೂ ಏನು ವ್ಯತ್ಯಾಸವೋ ತಮಗೆ ಯಾವತ್ತೂ ತಿಳಿದಿಲ್ಲ ಎಂದು ಭುಜ ಕುಣಿಸಿ ನಕ್ಕರು.

ನನಗೆ ತಿಳಿದಿತ್ತು: ಮೊದಲನೆಯದು ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ, ಎರಡನೆಯದು ಮೂಳೆಯನ್ನು ಮೂಳೆಗೆ. ನನ್ನ ಹಿಮ್ಮಡಿಯ ಮೇಲಿನ ಗಟ್ಟಿ ನರದಂಥದ್ದನ್ನು ಹಿಡಿದು ತೋರಿಸಿ "ಮಸಲ್, ಬೋನ್" ಎಂದೆ. ಆಮೇಲೆ ಮೊಣಕಾಲಿನ ಪಕ್ಕ ಮುಟ್ಟಿ "ಬೋನ್, ಬೋನ್" ಎಂದೆ. ಅವರು ತಮ್ಮ ಮೊಣಕಾಲನ್ನೂ ಮುಟ್ಟಿ ನೋಡಿಕೊಂಡು ತಲೆಯಾಡಿಸಿದರು. ಹುಟ್ಟಿದಂದಿನಿಂದ ಇಂಗ್ಲಿಷ್ ಮಾತಾಡಿದವರಿಗೆ ಗೊತ್ತಿಲ್ಲದ್ದು, ಕನ್ನಡದಲ್ಲಿ ಓದಿದ ನನಗೆ ಗೊತ್ತಿತ್ತು. ಹಾಗಾದರೆ ಮೇಷ್ಟ್ರು ಹೇಳಿದ್ದು ತಪ್ಪು. ನನಗೆ ಬೇಕಾಗಿದ್ದುದು ಹೆಸರುಗಳು ಅಷ್ಟೆ. ಹೆಸರುಗಳನ್ನು ಯಾರು ಬೇಕಾದರೂ ಕಲಿಯಬಹುದು. ಆ ರಜೆ ಮುಗಿಯುವಷ್ಟರಲ್ಲಿ ಪುಸ್ತಕದ ಅರ್ಧಕ್ಕೂ ಹೆಚ್ಚು ಭಾಗ ಯಾರ್ಯಾರದೋ ಬಾಯಲ್ಲಿ ಓದಿಸಿಕೊಂಡಿದ್ದೆ.

ಹತ್ತನೇ ತರಗತಿಯಲ್ಲಿ ಹೃದಯದ ಪಾಠ ಬಂತು. ಚಿತ್ರದಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಕೆಂಪು. ನಿಜವಾದದ್ದನ್ನು ನೋಡಬಹುದೇ ಎಂದು ಮೇಷ್ಟ್ರನ್ನು ಕೇಳಿದೆ. ಅದು ಸಿಲಬಸ್‌ನಲ್ಲಿಲ್ಲ ಎಂದರು. ಶನಿವಾರ ಬೆಳಗಿನ ತರಗತಿ ಮುಗಿಸಿ ನಾನು ನೇರವಾಗಿ ಮಾಂಸದ ಅಂಗಡಿಗೆ ಹೋದೆ.

ನಮ್ಮದು ಕೊಬ್ಬರಿ ಮಂಡಿ ನಡೆಸುವ ವ್ಯಾಪಾರದ ಮನೆ. ಅಜ್ಜಿ ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರು ಕುಡಿಯುವವರಲ್ಲ. ಮೊಟ್ಟೆ ಎನ್ನುವ ಪದವನ್ನೂ ನಮ್ಮ ಮನೆಯಲ್ಲಿ ಸ್ವಲ್ಪ ಮೆಲ್ಲಗೇ ಹೇಳುತ್ತಿದ್ದೆವು. ಅಂಗಡಿಯವರು ನನ್ನನ್ನು ನೋಡಿದವರೇ ಚಾಕು ಕೆಳಗಿಟ್ಟರು.

"ಏನವ್ವ, ನೀನು ಮಂಡಿಯವ್ರ ಮಗಳಲ್ವಾ? ನೀವು ತಿನ್ನಾಕಿಲ್ವಲ್ಲ?"

"ತಿನ್ನಕ್ಕಲ್ಲಣ್ಣ. ಕುರಿ ಗುಂಡಿಗೆ ಒಂದು ಬೇಕು. ಕೊಯ್ದು ನೋಡ್ಬೇಕು."

ಅವರು ಒಳಗಿನಿಂದ ಒಂದನ್ನು ತಂದು, ಮೇಲಿನ ನಾಳಗಳನ್ನು ಕತ್ತರಿಸದೆ ಹಾಗೇ ಉಳಿಸಿ ಕೊಟ್ಟರು. ನನ್ನ ಊಟದ ಡಬ್ಬಿಯಲ್ಲಿ ಅದನ್ನು ಮನೆಗೆ ತಂದೆ.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು ಬ್ಲೇಡಿನಿಂದ ಕೊಯ್ದೆ. ಒಳಗೆ ನೀಲಿಯೂ ಇರಲಿಲ್ಲ, ಕೆಂಪೂ ಇರಲಿಲ್ಲ, ಎಲ್ಲ ಒಂದೇ ಬಣ್ಣ. ಆದರೆ ಒಂದು ಕಡೆಯ ಗೋಡೆ ಇನ್ನೊಂದು ಕಡೆಗಿಂತ ತುಂಬಾ ದಪ್ಪ. ಇಡೀ ಮೈಗೆ ರಕ್ತ ತಳ್ಳುವುದು ಇದೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಕವಾಟಗಳನ್ನು ಬಿಳಿ ದಾರಗಳು ಜಗ್ಗಿ ಹಿಡಿದಿದ್ದವು. ಪೊರಕೆಯ ಕಡ್ಡಿಯೊಂದನ್ನು ದೊಡ್ಡ ನಾಳದೊಳಗೆ ತೂರಿಸಿದೆ. ಅದು ಆ ದಪ್ಪ ಗೋಡೆಯ ಕೋಣೆಗೆ ಬಂದು ಮುಟ್ಟಿತು. ನನಗೆ ಕೂಗಬೇಕು ಅನ್ನಿಸಿತು.

ಕೂಗಿದವರು ಅಜ್ಜಿ. ಹೂ ಕೀಳಲು ಹಿತ್ತಲಿಗೆ ಬಂದಿದ್ದರು. ಅಪ್ಪ ಮಂಡಿಯಿಂದ ಓಡಿಬಂದರು. ಬೇಲೂರಿನಿಂದ ಬಂದಿದ್ದ ದೊಡ್ಡಪ್ಪ ನಡುಮನೆಯಲ್ಲೇ ಇದ್ದರು. ಮೂವರೂ ಸೇರಿ ಬೈದದ್ದರಲ್ಲಿ ಅರ್ಧ ನೆನಪಿಲ್ಲ.

"ಮನೆತನದ ಮರ್ವಾದೆ ಕಳೀತಿದಾಳೆ. ಇವಳಿಗೆ ಕಾಮರ್ಸ್ ಕೊಡ್ಸು, ಸಾಕು" ಎಂದರು ದೊಡ್ಡಪ್ಪ.

"ಮುಂದೆ ನಾನು ಹೆಣನೂ ಕುಯ್ಯಬೇಕು ದೊಡ್ಡಪ್ಪ. ಈಗ್ಲೇ ಹೇಳ್ತಿದೀನಿ, ಆಮೇಲೆ ಹೇಳಲಿಲ್ಲ ಅನ್ಬೇಡಿ" ಎಂದೆ. ಕಣ್ಣು ಕೆಳಗಿಳಿಸಲಿಲ್ಲ. ಅಪ್ಪ ಕೈಯೆತ್ತಿದವರು ಏನನ್ನಿಸಿತೋ, ಇಳಿಸಿ ಹೊರಗೆ ಹೊರಟುಹೋದರು. ಅಜ್ಜಿ ಆ ಡಬ್ಬಿಯನ್ನು ತಿಪ್ಪೆಗೆ ಎಸೆಸಿದರು. ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದರು. ಹಾಗೇ ನಡೆದುಕೊಂಡರು ಕೂಡ.

ಮರುದಿನ ಬೆಳಗ್ಗೆ ಅಮ್ಮ ನನ್ನನ್ನು ಹಿತ್ತಲಿಗೆ ಕರೆದು ಒಂದು ಹಳೆಯ ತಟ್ಟೆ, ಒಂದು ಚಾಕು ಕೈಗಿಟ್ಟರು.

"ಇದು ನಿಂದು. ಒಳಕ್ಕೆ ತರ್ಬೇಡ. ಇನ್ನೊಂದ್ಸಲ ತಂದಾಗ ಅಜ್ಜಿ ಪೂಜೆಗೆ ಕೂತಿರೋ ಹೊತ್ತು ನೋಡ್ಕೊಂಡು ಕುಯ್ಯಿ, ನಂಗೂ ತೋರ್ಸು."

ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಶಾಲೆಗೇ ಹೆಚ್ಚು ಅಂಕ ನನಗೆ ಬಂತು. ಶಾಲೆಯಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಮೇಷ್ಟ್ರು ಮೈಕಿನ ಮುಂದೆ ನಿಂತು, "ಈ ಹುಡುಗಿ ಡಾಕ್ಟರ್ ಆಗ್ತಾಳೆ ಅಂತ ನಾನು ಒಂಬತ್ತನೇ ಕ್ಲಾಸಲ್ಲೇ ಹೇಳಿದ್ದೆ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನನ್ನು ಎರಡು ಮಾತಾಡಲು ಕರೆದರು. ಕೃತಜ್ಞತೆಯ ನಾಲ್ಕು ಸಾಲು ಬರೆದುಕೊಂಡು ಹೋಗಿದ್ದೆ. ಆ ಚೀಟಿಯನ್ನು ಮಡಚಿದೆ.

"ಸಾರ್ ಹಾಗೆ ಹೇಳಿರಲಿಲ್ಲ. ಕನ್ನಡ ಮೀಡಿಯಂನವಳಿಗೆ ಆಗಲ್ಲ ಅಂದಿದ್ರು. ಇಲ್ಲಿ ಕೂತಿರೋ ಒಂಬತ್ತನೇ ಕ್ಲಾಸಿನವರಿಗೂ ಹಾಗಂದ್ರೆ ದಯವಿಟ್ಟು ನಂಬಬೇಡಿ" ಎಂದೆ.

ಹೆಡ್‌ಮಾಸ್ಟರು ಬೇಗ ಬೇಗ ವಂದನಾರ್ಪಣೆಗೆ ಕರೆದರು. ಒರಟು ಹುಡುಗಿ ಎಂದು ಎಷ್ಟೋ ಜನ ಅಂದರಂತೆ. ಮೇಷ್ಟ್ರ ಮುಖ ಕಂದಿದ್ದು ನೋಡಿ ನನಗೂ ಒಂದು ಗಳಿಗೆ ಕಸಿವಿಸಿಯಾಯಿತು. ಹೇಳಿದ್ದಕ್ಕೆ ಮಾತ್ರ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಪಿಯುಸಿಗೆ ವಿಜ್ಞಾನವನ್ನೇ ತೆಗೆದುಕೊಂಡೆ. ಫಾರ್ಮಿಗೆ ಅಪ್ಪನೇ ಸಹಿ ಹಾಕಿದರು. ಇಂಗ್ಲಿಷ್ ಪಾಠ ಮೊದಲ ಕೆಲವು ತಿಂಗಳು ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಫಿಸಿಕ್ಸ್ ತರಗತಿಯಲ್ಲಿ ಎಷ್ಟೋ ದಿನ ಏನೂ ಅರ್ಥವಾಗದೆ ಕುಳಿತಿದ್ದೆ. ನೀಟ್ ಮೊದಲ ಸಲ ಕೈಕೊಟ್ಟಿತು. ದೊಡ್ಡಪ್ಪ ಫೋನು ಮಾಡಿ, "ಹೇಳಿರ್ಲಿಲ್ವೇನಮ್ಮ" ಎಂದರು. ಇನ್ನೊಂದು ಸಲ ಬರೆಯುತ್ತೇನೆ ಎಂದು ಫೋನು ಇಟ್ಟೆ. ಬರೆದೆ. ಸರ್ಕಾರಿ ಕಾಲೇಜಿನಲ್ಲಿ ಸೀಟು ಸಿಕ್ಕಿತು.

ಮೊದಲ ಸಲ ಹೆಣ ಮುಟ್ಟಿದ ವಾರದ ಕೊನೆಗೆ ಊರಿಗೆ ಬಂದೆ. ವಿಷಯ ತಿಳಿದಿದ್ದ ಅಜ್ಜಿ ಬಾಗಿಲಿಗೆ ಅಡ್ಡ ನಿಂತಿದ್ದರು.

"ತಲೆಗೆ ನೀರು ಹಾಕ್ಕೊಂಡು ಒಳಕ್ಕೆ ಬಾ."

"ಹಾಸ್ಟೆಲಲ್ಲಿ ದಿನಾ ಸ್ನಾನ ಮಾಡ್ತೀನಜ್ಜಿ. ಇವತ್ತು ಬಸ್‌ಸ್ಟ್ಯಾಂಡಿಂದ ಬಂದಿದೀನಿ, ಅಷ್ಟೆ."

"ಹಂಗಾದ್ರೆ ಅಲ್ಲೇ ನಿಂತಿರು."

ಬ್ಯಾಗನ್ನು ಜಗಲಿಯ ಮೇಲೆ ಇಟ್ಟು ನಿಂತೆ. ಅಜ್ಜಿಯೂ ಕದಲಲಿಲ್ಲ. ಬಿಸಿಲು ಏರುತ್ತಿತ್ತು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಅಜ್ಜಿ, "ಕಾಲಾದ್ರೂ ತೊಳ್ಕೊ" ಎಂದರು. ಕಾಲು ತೊಳೆದುಕೊಂಡು ಒಳಗೆ ಹೋಗಿ ಊಟಕ್ಕೆ ಕುಳಿತೆ.