ಬದುಕಿರುವವರಿಗಾಗಿ ಹಾಡಿದ ಒಪ್ಪಾರಿ

ಜುಲೈ, ಎರಡನೆಯ ಭಾನುವಾರ. ಮಧ್ಯಾಹ್ನ ಮೂರು ಹತ್ತಕ್ಕೆ ಬರೆಯಲು ಕೂತೆ. ಮೂರ್ನಾಡಿನ ಬಾಡಿಗೆ ಮನೆ. ಬೆಳಗ್ಗೆಯಿಂದ ಈವರೆಗೆ ಮಳೆ, ತೋಟದವರ ಲೆಕ್ಕದಲ್ಲಿ, ಒಂದು ಇಂಚು ನಲವತ್ತು ಸೆಂಟು.

ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಾಳೆ. ಸ್ವಲ್ಪ ಹೊತ್ತಿನ ಮುಂಚೆ ಕೂಸಿನ ಹೊಟ್ಟೆನೋವಿಗೆಂದು ಅವರು ಬಜೆ ಬೇರನ್ನು ದೀಪಕ್ಕೆ ಹಿಡಿದು ಸುಟ್ಟರು. ಆ ವಾಸನೆ ಕಿಟಕಿಯಿಂದ ಬಂದದ್ದೇ ಪೆನ್ನು ಹಿಡಿದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಇದೇ ವಾಸನೆಯ ಸೀರೆಯೊಂದಕ್ಕೆ ಮುಖ ಒತ್ತಿಕೊಂಡು, ಅಪ್ಪ ಸತ್ತುಹೋದರು ಎಂದು ನಂಬಿದ್ದೆ...

ಆಗ ನಾವು ಹುದಿಕೇರಿಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿದ್ದೆವು. ಶಿರಂಗಾಲದ ಕಡೆಯವರಾದ ಅಪ್ಪ ಅಲ್ಲಿ ರೈಟರ್. ಹಾಜರಿ ಬರೆಯುವುದು, ದಿನದ ಮಳೆ ಅಳೆದು ಬರೆಯುವುದು ಅವರ ಕೆಲಸ. ಅಂಕಿ ಬರೆದಿಡುವ ಅಭ್ಯಾಸ ನನಗೆ ಬಂದದ್ದು ಅವರಿಂದಲೇ. ತಾಯಂದಿರು ತೋಟಕ್ಕೆ ಹೋದಾಗ ಅವರ ಕೂಸುಗಳನ್ನು ಬಿಡಲು ಒಂದು ಶೆಡ್ಡು ಇತ್ತು. ಅಲ್ಲಿನ ಆಯಮ್ಮ ತಮಿಳಿನವರು, ಕ್ರೈಸ್ತರು. ಸಾಲಾಗಿ ಕಟ್ಟಿದ ಸೀರೆಯ ಜೋಲಿಗಳನ್ನೆಲ್ಲ ಒಂದೇ ಹಗ್ಗಕ್ಕೆ ಬಿಗಿದು, ಕಾಲಿನಿಂದ ಹಗ್ಗ ಎಳೆಯುತ್ತ ಎಲ್ಲವನ್ನೂ ಒಟ್ಟಿಗೆ ತೂಗುತ್ತಿದ್ದರು. ಶಾಲೆ ಮುಗಿಸಿ ಬಂದ ನಾನು ಅವರ ಮಗ್ಗುಲಲ್ಲೇ ಕೂತಿರುತ್ತಿದ್ದೆ.

ಶೆಡ್ಡಿನ ಗೋಡೆಯಲ್ಲಿ ಯೇಸುವಿನ ಪಟವಿತ್ತು. ಯಾವುದಾದರೂ ಕೂಸಿಗೆ ಜ್ವರ ಬಂದರೆ ಆಯಮ್ಮ ಅದರ ಮುಂದೆ ನಿಂತು ಜಗಳಕ್ಕೇ ಇಳಿಯುತ್ತಿದ್ದರು. "ಏನು ಸಾಮಿ, ಕೂಸು ಒದ್ದಾಡ್ತಾ ಉಂಟು, ನಿಮಗೆ ನಿದ್ದೆಯಾ?" ತಾನು ಹೀಗೆ ಮಾತಾಡಿದರೆ ಯಜಮಾನರು ಮನೆಯಿಂದ ಆಚೆ ಹಾಕುತ್ತಾರೆ ಎಂದು ಅಮ್ಮ ಒಮ್ಮೆ ನಕ್ಕಿದ್ದಳು. ಸಾಮಿ ನಿಮ್ಮ ಯಜಮಾನರಿಗಿಂತ ದೊಡ್ಡವರು, ತಡೆದುಕೊಳ್ಳುತ್ತಾರೆ ಎಂದು ಆಯಮ್ಮ ಹೇಳಿದ್ದರು.

ಆ ವರ್ಷದ ಆಗಸ್ಟಿನಲ್ಲಿ ಮಳೆ ವಾರವಾದರೂ ಬಿಡಲಿಲ್ಲ. ಮೇಲೆ ತೋಟದ ಆಳುಗಳಿದ್ದ ಲೈನ್‌ಮನೆಗಳ ಹಿಂದೆ ಗುಡ್ಡ ಬಿರುಕು ಬಿಟ್ಟಿದೆ ಎಂದು ಸುದ್ದಿ ಬಂತು. ಅಲ್ಲಿದ್ದವರನ್ನು ಇಳಿಸಲು ಬೆಳಗ್ಗೆಯೇ ಅಪ್ಪ ಜೀಪಿನಲ್ಲಿ ಹೊರಟರು. ಜೀಪು ಓಡಿಸುತ್ತಿದ್ದವನು ಆಯಮ್ಮನ ಒಬ್ಬನೇ ಮಗ. ಹತ್ತು ಗಂಟೆಯ ಸುಮಾರಿಗೆ ಲಾರಿಯಿಂದ ಜಲ್ಲಿ ಸುರಿದಂಥ ಸದ್ದು ಕೇಳಿತು. ಆ ಸದ್ದು ನಿಲ್ಲಲೇ ಇಲ್ಲ... ಕಾಲುಗಳ ಕೆಳಗೆ ನೆಲ ಜುಮ್ಮೆಂದದ್ದು ಈಗಲೂ ನೆನಪಿದೆ.

ಮಧ್ಯಾಹ್ನದ ಹೊತ್ತಿಗೆ ಮೇಲಿನವರು ಕಾಫಿ ಗಿಡಗಳ ನಡುವೆ ಜಾರುತ್ತ ಏಳುತ್ತ ಇಳಿದು ಬಂದರು. ಜೀಪು ಕೊನೆಯ ಸಲ ಮೇಲೆ ಹೋದದ್ದನ್ನು ಅವರೆಲ್ಲ ನೋಡಿದ್ದರು. ಇಳಿದದ್ದನ್ನು ಯಾರೂ ನೋಡಿರಲಿಲ್ಲ. ರಸ್ತೆಯೇ ಇರಲಿಲ್ಲ.

ಸಮತಟ್ಟಾದ ಜಾಗವೆಂದು ಎಲ್ಲರೂ ಕೂಸುಗಳ ಶೆಡ್ಡಿನಲ್ಲಿ ಸೇರಿದ್ದೆವು. ಆಯಮ್ಮ ಎಂದಿನಂತೆ ಜೋಲಿ ತೂಗುತ್ತಿದ್ದರು. ಗುನುಗುತ್ತಿದ್ದ ಜೋಗುಳದ ರಾಗ ನಿಧಾನವಾಗಿ ನೀಳವಾಗತೊಡಗಿತು. ತಲೆಗೂದಲು ಬಿಚ್ಚಿ, ಎದೆಗೆ ಅಂಗೈ ಬಡಿದುಕೊಳ್ಳುತ್ತ ಅವರು ದನಿ ಎತ್ತಿದರು. ಆ ರಾಗ ನನಗೆ ಗೊತ್ತಿತ್ತು. ಲೈನಿನಲ್ಲಿ ಯಾರಾದರೂ ಸತ್ತರೆ ಹೆಂಗಸರು ಒಬ್ಬರ ಹೆಗಲು ಒಬ್ಬರು ಹಿಡಿದು ಸುತ್ತ ಕೂತು ಅದರಲ್ಲೇ ಅಳುತ್ತಿದ್ದರು. ಒಪ್ಪಾರಿ. ಅಂದರೆ ಇವರಿಗೆ ಸುದ್ದಿ ಬಂದಿದೆ, ನನಗೆ ಮಾತ್ರ ಹೇಳಿಲ್ಲ ಎಂದುಕೊಂಡೆ. ಬಜೆಯ ವಾಸನೆಯ ಅವರ ಸೆರಗಿನಲ್ಲಿ ಮುಖ ಹುದುಗಿಸಿದೆ.

ಅಮ್ಮ ಎದ್ದು ಬಂದು ಆಯಮ್ಮನ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿಬಿಟ್ಟಳು.

"ಬದುಕಿರೋರಿಗೆ ಸಾವಿನ ಹಾಡು ಹಾಡ್ತೀಯಾ ಆಯಮ್ಮ? ನಿನ್ನ ಬಾಯಲ್ಲಿ ಬಂದಿದ್ದೇ ನಿಜ ಆಗೋದ್ರೆ?"

ಆಯಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿ ಹಿಡಿದುಕೊಂಡರು. "ಇದು ರೈಟರಿಗಲ್ಲ ರೈಟರಮ್ಮ. ನನ್ನ ಮಗನಿಗೂ ಅಲ್ಲ. ಸಾಮಿಗೆ. ನಂಗೆ ಹೆದರಿಕೆ ಆಗ್ತಾ ಉಂಟು. ಹೆದರಿಕೆ ಒಳಗಿಟ್ಟುಕೊಂಡು ಸ್ತೋತ್ರ ಹೇಳಿದ್ರೆ ಸುಳ್ಳಾಗ್ತದೆ. ಶಿಲುಬೆ ಮೇಲೆ ಅವರೇ ತಮ್ಮ ಅಪ್ಪನ ಹತ್ರ ನನ್ನ ಯಾಕೆ ಕೈಬಿಟ್ಟೆ ಅಂತ ಅಳಲಿಲ್ವಾ?"

ಹಾಗಾದರೆ ಬೇರೆ ಹಾಡಿನಲ್ಲಿ ಕೇಳು ಎಂದು ಅಮ್ಮ ಅಂಗಲಾಚಿದಳು. ಅಳಲು ನನಗೆ ಬರುವುದು ಇದೊಂದೇ ರಾಗ ಎಂದರು ಆಯಮ್ಮ. ಆದರೆ ಅಮ್ಮನ ಮುಖ ನೋಡಿ ಹಾಡನ್ನು ಅಲ್ಲಿಗೇ ಬಿಟ್ಟರು. ಸಂಜೆಯವರೆಗೂ ಅವರ ಕಾಲು ಮಾತ್ರ ಹಗ್ಗ ಎಳೆಯುತ್ತಿತ್ತು.

ಮರುದಿನ ಮಧ್ಯಾಹ್ನ ಪಕ್ಕದ ಎಸ್ಟೇಟಿನ ಆಳುಗಳು ಅಪ್ಪನನ್ನು ಕಂಬಳಿಯಲ್ಲಿ ಹೊತ್ತು ತಂದರು. ಎಡಗಾಲು ಮುರಿದಿತ್ತು. ದಾರಿಗೆ ಬಿದ್ದ ಕೊಂಬೆ ಸರಿಸಲೆಂದು ಅವರು ಜೀಪಿನಿಂದ ಇಳಿದಿದ್ದರಂತೆ. ಆ ಕ್ಷಣದಲ್ಲೇ ಮಣ್ಣು ಬಂತು. ಜೀಪು ಹೋಯಿತು. ಅದನ್ನು ಆಯಮ್ಮನಿಗೆ ಹೇಳಿದವರು ಅಪ್ಪನೇ.

ಲೈನಿನ ಹೆಂಗಸರು ಶೆಡ್ಡಿಗೆ ಬಂದು ಆಯಮ್ಮನ ಸುತ್ತ ಕೂತರು. ಈಗ ಹಾಡಿದರೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಆಯಮ್ಮ ಬಾಯಿ ತೆರೆದರು, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದರು. ಬರೀ ಗಾಳಿ... ಆಮೇಲೆ ಅಮ್ಮನ ಕಡೆ ನೋಡಿ, ನೀವು ಹೇಳಿ ಎನ್ನುವಂತೆ ಕೈ ಮಾಡಿದರು.

ಅಮ್ಮ ಹಿಂಜರಿದಳು. ಗಂಡನನ್ನು ಹಿಂದಕ್ಕೆ ಕೊಟ್ಟ ದೇವರನ್ನು ಅದೇ ದಿನ ಪ್ರಶ್ನೆ ಕೇಳುವುದು ಹೇಗೆ? ಕೊಟ್ಟದ್ದನ್ನು ಕಿತ್ತುಕೊಂಡರೆ ಎಂಬ ಭಯವಿತ್ತು ಎಂದು ಎಷ್ಟೋ ವರ್ಷಗಳ ನಂತರ ನನಗೆ ಹೇಳಿದಳು. ಆದರೂ ಕೂತಳು. ಆಯಮ್ಮನ ಹೆಗಲು ಹಿಡಿದು ಯೇಸುವಿನ ಪಟದ ಕಡೆ ತಿರುಗಿದಳು.

"ಏನಪ್ಪಾ, ನನ್ನ ಗಂಡನ್ನ ಕೊಟ್ಟೆ. ಇವಳ ಮಗನ್ನ ಯಾಕೆ ಇಟ್ಕೊಂಡೆ? ಕೇಳ್ತಿದ್ದೋಳ ಬಾಯಿ ಮುಚ್ಚಿದ್ದು ನಾನು. ಸಿಟ್ಟು ಬಂದಿದ್ರೆ ನನ್ನ ಮೇಲೆ ತೀರಿಸ್ಕೊ."

ಅದಕ್ಕೆ ರಾಗವಿರಲಿಲ್ಲ. ಉಳಿದ ಹೆಂಗಸರು ಅದನ್ನು ಎತ್ತಿಕೊಂಡು ರಾಗ ಹಾಕಿದರು.

ಮುಂದಿನ ಕಾಫಿ ಕೊಯ್ಲಿಗೆ ಮುಂಚೆಯೇ ಆಯಮ್ಮ ನೆಂಟರ ಜೊತೆ ತಮಿಳುನಾಡಿನ ಕಡೆ ಹೋದರು. ಯಾವ ಊರೆಂದು ನಾವು ಕೇಳಿಟ್ಟುಕೊಳ್ಳಲಿಲ್ಲ. ಕಳೆದ ವರ್ಷ ಇಲ್ಲಿನ ಚರ್ಚಿನ ಸಭಾಪಾಲಕರೊಬ್ಬರ ಹತ್ತಿರ ಇದನ್ನೆಲ್ಲ ಹೇಳಿದೆ. ದೇವರ ಮುಂದೆ ಹೀಗೆ ಗೋಳಿಡುವುದು ತಮ್ಮಲ್ಲಿ ಬಹಳ ಹಳೆಯ ಪ್ರಾರ್ಥನೆ ಎಂದರು ಅವರು. ಸಾಮಾನ್ಯವಾಗಿ ಕೊನೆಗೆ ಅದು ತಿರುಗುತ್ತದೆ, ಆದರೂ ನಿನ್ನನ್ನೇ ನಂಬಿದ್ದೇನೆ ಎಂಬಲ್ಲಿಗೆ ಬರುತ್ತದೆ. ಕೆಲವು ಮಾತ್ರ ಕತ್ತಲಲ್ಲೇ ಮುಗಿಯುತ್ತವೆ, ಅವೂ ಪ್ರಾರ್ಥನೆಯೇ ಎಂದರು.

ಆಯಮ್ಮನದು ಯಾವುದೋ ನನಗೆ ಗೊತ್ತಿಲ್ಲ. ಮಳೆ ಜೋರಾದ ದಿನ ಅಪ್ಪ ಪೇಟೆಯಿಂದ ಬರುವುದು ತಡವಾದರೆ ಅಮ್ಮ ಈಗಲೂ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಾಳೆ: "ಅವತ್ತು ಅವಳನ್ನ ಹಾಡಿ ಮುಗಿಸೋಕೆ ಬಿಟ್ಟಿದ್ರೆ ಅವನೂ ಬರ್ತಿದ್ನೇನೋ?" ಹಾಗೇನಿಲ್ಲಮ್ಮ ಎನ್ನುತ್ತೇನೆ. ಹೇಳುವಾಗ ನನಗೂ ಭಯವಾಗುತ್ತದೆ.

ಹುದಿಕೇರಿ ಕಡೆಯ ಲೈನ್‌ಗಳಲ್ಲಿ ಇದ್ದವರು, ಜೀಪಿನ ಜೊತೆ ಮಗನನ್ನು ಕಳೆದುಕೊಂಡ ಆ ಆಯಮ್ಮನನ್ನು ಬಲ್ಲವರು ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಅವರು ಇದ್ದಾರೋ ಇಲ್ಲವೋ ತಿಳಿಸಿ. ಅವರ ದನಿ ಮರಳಿ ಬಂತೇ, ಅರ್ಧಕ್ಕೆ ನಿಂತ ಆ ಹಾಡನ್ನು ಎಂದಾದರೂ ಮುಗಿಸಿದರೇ, ಕೊನೆಯಲ್ಲಿ ಏನೆಂದರು... ಅಮ್ಮನಿಗೆ ಹೇಳಬೇಕು.